ಆತ್ಮಗೌರವ ಬೆಳೆಸಿಕೊಳ್ಳುವುದು ‘ತನ್ನನ್ನು ನಿರಾಕರಿಸು’ ಎಂಬ ಬೋಧನೆಗೆ ವಿರುದ್ಧವೇ?

ಆಪ್ತಸಮಾಲೋಚಕರು ಆತ್ಮಗೌರವ ಬೆಳೆಸಿಕೊಳ್ಳಿ ಅನ್ನುತ್ತಾರೆ, ಯೇಸುಸ್ವಾಮಿ ತನ್ನನ್ನು ತಾನು ನಿರಾಕರಿಸಬೇಕು ಅನ್ನುತ್ತಾರೆ, ಯಾವುದನ್ನು ಹಿಡಿಯಲಿ ಎಂದು ಕೇಳಿದ್ದೀರಿ. ಇವೆರಡರ ನಡುವೆ ಭಿನ್ನಾಭಿಪ್ರಾಯ ಇದೆ, ಆದರೆ ನೀವು ತೋರಿಸಿದ ಜಾಗದಲ್ಲಲ್ಲ.

ಬೈಬಲಿನ ಮಾರ್ಕ 8:34ರಲ್ಲಿ ‘ನಿರಾಕರಿಸು’ ಎಂಬುದಕ್ಕೆ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದವೇ 14:72ರಲ್ಲಿ ಪೇತ್ರನ ವಿಷಯದಲ್ಲೂ ಬರುತ್ತದೆ. ಯೇಸುವಿನ ಬಂಧನವಾದ ರಾತ್ರಿ ಶಿಷ್ಯ ಪೇತ್ರ ಅವರನ್ನು ದ್ವೇಷಿಸಲಿಲ್ಲ, ‘ಅವರಿಗೂ ನನಗೂ ಸಂಬಂಧವಿಲ್ಲ’ ಎಂಬಂತೆ ನಡೆದುಕೊಂಡ. ಹಾಗಾಗಿ ನಿರಾಕರಣೆ ಎಂದರೆ ತನ್ನ ಮೇಲಿನ ಒಡೆತನ ಬಿಟ್ಟುಕೊಡುವುದು. ತನ್ನನ್ನು ಕಸವೆಂದು ಕಾಣುವುದಲ್ಲ. ಆತ್ಮಗೌರವ ಅಳೆಯಲು ಬಳಸುವ ರೋಸೆನ್‌ಬರ್ಗ್ ಮಾಪಕದ (1965) 10 ಹೇಳಿಕೆಗಳಲ್ಲಿ ಒಂದು, ‘ಕಡೇಪಕ್ಷ ಇತರರಷ್ಟಾದರೂ ನನಗೆ ಬೆಲೆಯಿದೆ’ ಎಂಬರ್ಥದ್ದು. ದೇವರ ಸ್ವರೂಪದಲ್ಲಿ ಸೃಷ್ಟಿಯಾದವರು ಎಂದು ನಂಬುವವರು ಇದಕ್ಕೆ ‘ಇಲ್ಲ’ ಅನ್ನಲು ಕಾರಣವೇ ಇಲ್ಲ.

ನಿಜವಾದ ಭೇದ ಕಾರ್ಲ್ ರೋಜರ್ಸ್ ಥರದವರಲ್ಲಿ ಸಿಗುತ್ತದೆ. ದೇವಶಾಸ್ತ್ರ ಕಲಿಯಲು ಹೋಗಿ ಮನಶ್ಶಾಸ್ತ್ರಕ್ಕೆ ಬಂದ ಅವರು, ಮನುಷ್ಯನಿಗೆ ತನ್ನ ಅನುಭವವೇ ಅಂತಿಮ ಪ್ರಮಾಣ ಎಂದರು. ಹೃದಯ ವಂಚಕ ಎನ್ನುವ ಯೆರೆಮೀಯ 17:9ನ್ನು ಇದರ ಜೊತೆ ಹೊಂದಿಸಲಾಗದು. ಹೊಂದಿಸಲು ಹೋದವರು ಎರಡನ್ನೂ ತೆಳುಮಾಡಿದ್ದಾರೆ ಎಂಬುದೇ ನನ್ನ ಅಭಿಪ್ರಾಯ.

ಆದರೆ ಹೆಚ್ಚು ನೋವಾಗುವುದು ಸಿದ್ಧಾಂತದಲ್ಲಲ್ಲ, ಪಾಪಪ್ರಜ್ಞೆಯಲ್ಲಿ. ‘ನಾನು ತಪ್ಪು ಮಾಡಿದೆ’ ಎಂಬುದು ಬೇರೆ, ‘ನಾನೇ ಒಂದು ತಪ್ಪು’ ಎಂಬುದು ಬೇರೆ. ಮೊದಲನೆಯದು ಕ್ಷಮೆ ಕೇಳಿಸುತ್ತದೆ, ನಷ್ಟ ತುಂಬಿಸುತ್ತದೆ. ಎರಡನೆಯದು ಮುಖ ಮುಚ್ಚಿಕೊಳ್ಳುವಂತೆ ಮಾಡುತ್ತದೆ. 2 ಕೊರಿಂಥ 7:10 ಎರಡು ಬಗೆಯ ದುಃಖವನ್ನು ಬೇರೆ ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ.

ಈ ಪ್ರಜ್ಞೆ ಗೀಳಾದಾಗ, ಅಂದರೆ ಒಸಿಡಿಯ (ಬೇಡವೆಂದರೂ ಮರುಕಳಿಸುವ ಯೋಚನೆ, ಅದನ್ನು ತಣಿಸಲು ಮಾಡಿದ್ದನ್ನೇ ಮಾಡುವ ಮನೋರೋಗ) ರೂಪ ತಾಳಿದಾಗ, ಅದೇ ಪಾಪವನ್ನು ಮತ್ತೆ ಮತ್ತೆ ನಿವೇದಿಸುತ್ತಾರೆ, ಪದ ತಪ್ಪಿತೆಂದು ಪ್ರಾರ್ಥನೆಯನ್ನು ಮೊದಲಿಂದ ಹೇಳುತ್ತಾರೆ. ಪಾಸ್ಟರ್ ಅಥವಾ ಗುರುಗಳು ಪ್ರೀತಿಯಿಂದಲೇ ‘ಏನೂ ಆಗಿಲ್ಲ’ ಎಂದು ಸಮಾಧಾನ ಹೇಳುತ್ತಾರೆ. ಕೆಡುವುದು ಇಲ್ಲೇ: ಸಮಾಧಾನ ಸ್ವಲ್ಪ ಹೊತ್ತು ನಿಲ್ಲುತ್ತದೆ, ಆದರೆ ಪ್ರತಿ ಸಂಶಯಕ್ಕೂ ಉತ್ತರ ಬೇಕೇಬೇಕು ಎಂದು ಮನಸ್ಸು ಕಲಿತುಬಿಡುತ್ತದೆ. ಚಿಕಿತ್ಸೆ ಅದಕ್ಕೆ ತಿರುಗುಮುರುಗು. ಭಯಗಳನ್ನು 0ಯಿಂದ 100ರವರೆಗೆ ಅಂಕ ಕೊಟ್ಟು ಪಟ್ಟಿ ಮಾಡಿ, ಮಧ್ಯಮ ಮಟ್ಟದ ಒಂದನ್ನು ಆರಿಸಿ ಎದುರಿಸಬೇಕು; ಉದಾಹರಣೆಗೆ, ಪ್ರಾರ್ಥನೆಯನ್ನು ಒಂದೇ ಸಲ ಹೇಳಿ ಎದ್ದುಬಿಡಬೇಕು. ಆತಂಕ ಏರಲಿ, ಮತ್ತೆ ಹೇಳಬಾರದು. ಹೀಗೆ ದಿನವೂ ಮಾಡುತ್ತ ಬಂದರೆ ಅದರ ಬಿಗಿ ಸಡಿಲುತ್ತದೆ. 16ನೇ ಶತಮಾನದಲ್ಲೇ ಸಂತ ಇಗ್ನೇಷಿಯಸ್ ಲೊಯೋಲ, ಅತಿಸೂಕ್ಷ್ಮ ಮನಸ್ಸಿನವರು ತಮ್ಮ ಸೆಳೆತಕ್ಕೆ ಎದುರಾಗಿ ನಡೆಯಬೇಕೆಂದು ಬರೆದಿದ್ದರು.

ಇದನ್ನು ತರಬೇತಾದ ಚಿಕಿತ್ಸಕರ ಜೊತೆಗೇ ಮಾಡಿ. ನಿಮ್ಮ ಸಭೆ (ಚರ್ಚ್) ನಿಜಕ್ಕೂ ಪಾಪವೆನ್ನುವುದನ್ನು ಚಿಕಿತ್ಸೆಯ ಹೆಸರಲ್ಲಿ ಮಾಡಿಸಬೇಕಾಗಿಲ್ಲ, ಸಾಮಾನ್ಯ ವಿಶ್ವಾಸಿಗಳು ಮಾಡುವಷ್ಟೇ ಸಾಕು ಎಂದು ಮೊದಲ ದಿನವೇ ಅವರಿಗೆ ತಿಳಿಸಿ. ಗುರುಗಳಿಗೂ ಹೇಳಿಡಿ: ಅದೇ ಪಾಪವನ್ನು ಎರಡನೇ ಸಲ ತಂದರೆ ಕೇಳಬಾರದು ಎಂದು.