ಹೂರಣ ನೀರಾಯ್ತು, ಮಲ್ಲಿಗೆ ಮೊಗ್ಗು ಉದುರಿತು: ವಸಂತದ ಪ್ರಶ್ನೋತ್ತರ

ಯುಗಾದಿಯಿಂದ ಅಕ್ಷಯ ತದಿಗೆಯವರೆಗಿನ ಈ ದಿನಗಳಲ್ಲಿ ಅಡುಗೆಮನೆಗೂ ಕೈತೋಟಕ್ಕೂ ಒಂದೇ ತಲೆನೋವು, ನೀರಿನದು. ಒಂದು ಕಡೆ ಹೆಚ್ಚಾಗುತ್ತದೆ, ಇನ್ನೊಂದು ಕಡೆ ಸಾಲುವುದಿಲ್ಲ. ಈ ಸಲದ ಪತ್ರಗಳೂ ಬಹುಪಾಲು ಅದನ್ನೇ ಕೇಳಿವೆ.

ಪ್ರಶ್ನೆ: ತೊಗರಿಬೇಳೆ ಒಬ್ಬಟ್ಟಿನ ಹೂರಣ ಪ್ರತಿ ಹಬ್ಬಕ್ಕೂ ನೀರಾಗುತ್ತದೆ. ಗಟ್ಟಿಯಾಗಿ ಮಾಡಿಕೊಂಡರೆ ತಟ್ಟುವಾಗ ಕಣಕ ಹರಿದು ಹೂರಣ ಹೊರಗೆ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ? (ತುಮಕೂರು)

ಬೇಳೆ ಬೇಯಿಸುವುದರಲ್ಲೇ ಅರ್ಧ ತಪ್ಪು ಆಗಿಬಿಟ್ಟಿರುತ್ತದೆ. ಕುಕ್ಕರಿನಲ್ಲಿ ಕೂಗಿಸಿದ ಬೇಳೆ ಮುದ್ದೆಯಾಗಿ ನೀರನ್ನು ಒಳಗೇ ಹಿಡಿದುಕೊಳ್ಳುತ್ತದೆ, ಎಷ್ಟು ಬಸಿದರೂ ಬಿಡುವುದಿಲ್ಲ. ಕಾಲು ಕಿಲೋ ಬೇಳೆಯನ್ನು ತೆರೆದ ಪಾತ್ರೆಯಲ್ಲಿ, ಧಾರಾಳ ನೀರಿಟ್ಟು ಬೇಯಿಸಿ. ಒಂದು ಬೇಳೆ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ನೋಡಿ. ಒಳಗೆ ಗಟ್ಟಿ ಕಾಳು ಸಿಗದೆ ನುಣ್ಣಗೆ ಹಿಚುಕಿಹೋಗಬೇಕು, ಆದರೆ ಪಾತ್ರೆಯಲ್ಲಿ ಬೇಳೆ ಬೇಳೆಯಾಗಿಯೇ ಕಾಣಬೇಕು. ಆಗ ತೂತಿನ ಪಾತ್ರೆಗೆ ಸುರಿದು ಅರ್ಧ ಗಂಟೆ ಬಿಡಿ. ಬಸಿದ ಕಟ್ಟು ಒಬ್ಬಟ್ಟಿನ ಸಾರಿಗೆ.

ಬೆಲ್ಲ ಹಾಕುವುದು ಆಮೇಲೆಯೇ. ಬೇಳೆ ಬೇಯುವ ಮೊದಲೇ ಬೆಲ್ಲ ಬಿದ್ದರೆ ಬೇಳೆ ಬಿರುಸಾಗಿ ನಿಂತುಬಿಡುತ್ತದೆ, ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಕಾಲು ಕಿಲೋ ಬೇಳೆಗೆ ಕಾಲು ಕಿಲೋ ಬೆಲ್ಲ ಸಾಕು. ಬೆಲ್ಲ ಕರಗಿದ ಕೂಡಲೇ ಎಲ್ಲವೂ ಪಾಯಸದಂತೆ ತೆಳ್ಳಗಾಗುತ್ತದೆ, ಹೆದರಬೇಡಿ. ಸೌಟು ಎಳೆದರೆ ತಳ ಕಂಡು, ಆ ದಾರಿ ತಕ್ಷಣ ಮುಚ್ಚಿಕೊಳ್ಳದಷ್ಟು ಗಟ್ಟಿಯಾಗುವ ತನಕ ಮಗುಚಿ. ಬಿಸಿ ಸ್ವಲ್ಪ ಆರಿದಾಗಲೇ, ಬೆಚ್ಚಗಿರುವಾಗ ರುಬ್ಬಬೇಕು. ಪೂರ್ತಿ ತಣ್ಣಗಾದರೆ ಮಿಕ್ಸಿ ತಿರುಗುವುದಿಲ್ಲ. ತಿರುಗಲೆಂದು ಎರಡು ಚಮಚ ನೀರು ಹಾಕುತ್ತೇವೆ, ಹೂರಣ ಕೆಡುವುದು ಅಲ್ಲಿ.

ಈಗಾಗಲೇ ನೀರಾಗಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಎಂಟು ಹತ್ತು ನಿಮಿಷ ಮಗುಚಿ. ಬಿಸಿಯಲ್ಲಿ ಅದು ಸಡಿಲವಾಗಿಯೇ ಕಾಣುತ್ತದೆ. ಚಮಚದಷ್ಟು ತಟ್ಟೆಗೆ ಹಾಕಿ, ಆರಿಸಿ, ಉಂಡೆ ಕಟ್ಟಿ ನೋಡಿ. ಕೈಗೆ ಅಂಟದಿದ್ದರೆ ಒಲೆ ಆರಿಸಿ. ಹೊತ್ತಿಲ್ಲದಿದ್ದರೆ ಎರಡು ಚಮಚ ಹುರಿಗಡಲೆ ಪುಡಿ ಬೆರೆಸಬಹುದು. ಮೈದಾ ಮಾತ್ರ ಬೇಡ, ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ.

ಇನ್ನು ಕಣಕ. ಅದು ಹೂರಣಕ್ಕಿಂತ ಒಂದು ಪಟ್ಟು ಮೆತ್ತಗಿರಬೇಕು, ಇದೊಂದು ತಪ್ಪಿದರೆ ಬೇರೇನು ಮಾಡಿದರೂ ಹರಿಯುತ್ತದೆ. 250 ಗ್ರಾಂ ಚಿರೋಟಿ ರವೆಗೆ (ಅರ್ಧ ರವೆ, ಅರ್ಧ ಮೈದಾ ಆದರೂ ಸರಿ) ಚಿಟಿಕೆ ಉಪ್ಪು, ಚಿಟಿಕೆ ಅರಿಸಿನ, ಕೈಗೆ ಅಂಟುವಷ್ಟು ನೀರು. ಆಮೇಲೆ ನಾಲ್ಕೈದು ದೊಡ್ಡ ಚಮಚ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಹದಿನೈದು ನಿಮಿಷ ನಾದಿ, ಎರಡು ಗಂಟೆ ನೆನೆಯಲು ಬಿಡಿ. ಚೂರು ಹಿಡಿದು ಎಳೆದರೆ ನಾಲ್ಕು ಬೆರಳಗಲ ತುಂಡಾಗದೆ ಬರಬೇಕು. ನಿಂಬೆ ಗಾತ್ರದ ಹೂರಣಕ್ಕೆ ಅದರ ಅರ್ಧದಷ್ಟು ಕಣಕ. ಇಷ್ಟಾದರೂ ಹರಿಯುತ್ತಿದ್ದರೆ ಹೂರಣವನ್ನು ಬೆರಳಲ್ಲಿ ತೀಡಿ ನೋಡಿ. ರುಬ್ಬದೆ ಉಳಿದ ಒಂದು ಅರೆ ಬೇಳೆ ಸಾಕು ಕಣಕ ಚುಚ್ಚಲು.

ಪ್ರಶ್ನೆ: ತಾರಸಿಯಲ್ಲಿ ಬೆಳೆದ ಟೊಮೆಟೊ ಕಾಯಿಗಳ ಬುಡ ಕಪ್ಪಾಗಿ, ಚಪ್ಪಟೆಯಾಗಿ, ಚರ್ಮದಂತಾಗುತ್ತಿದೆ. ಮೊಟ್ಟೆ ಸಿಪ್ಪೆ ಹಾಕಿದರೂ ನಿಂತಿಲ್ಲ. ಇದು ಯಾವ ರೋಗ? (ಬೆಂಗಳೂರು)

ಇದು ರೋಗವಲ್ಲ, ಅಂಟುವುದೂ ಇಲ್ಲ. ಕಾಯಿಯ ತುದಿಗೆ ಸುಣ್ಣದ ಅಂಶ ತಲುಪದೆ ಆಗುವ ತೊಂದರೆ. ಸುಣ್ಣದಂಶ ಬೇರಿನಿಂದ ಮೇಲೇರುವುದು ನೀರಿನ ಜೊತೆಯಲ್ಲೇ. ಬಿಸಿಲಿನ ಹೊತ್ತಿನಲ್ಲಿ ಆ ನೀರನ್ನೆಲ್ಲ ಎಲೆಗಳು ಎಳೆದುಕೊಳ್ಳುತ್ತವೆ. ಕಾಯಿಯ ತುದಿ ಸಾಲಿನ ಕೊನೆಯಲ್ಲಿರುವುದರಿಂದ ಅದಕ್ಕೆ ಪಾಲು ಸಿಗುವುದಿಲ್ಲ. ಒಂದು ದಿನ ಮಣ್ಣು ಒಣಗಿ ಬಿರುಕು ಬಿಟ್ಟು, ಮರುದಿನ ಕೊಡಗಟ್ಟಲೆ ಸುರಿದರೆ ಇದು ಇನ್ನೂ ಹೆಚ್ಚುತ್ತದೆ. ಹೀಗಾಗಿ ಮಣ್ಣಿನಲ್ಲಿ ಸುಣ್ಣ ಬೇಕಾದಷ್ಟಿದ್ದರೂ ಕಾಯಿ ಕೆಡಬಹುದು. ಮೊಟ್ಟೆ ಸಿಪ್ಪೆ ಮಣ್ಣಲ್ಲಿ ಕರಗಲು ತಿಂಗಳುಗಳೇ ಬೇಕು. ನುಣ್ಣಗೆ ಪುಡಿ ಮಾಡಿ ಮುಂದಿನ ಸಲದ ಮಣ್ಣಿಗೆ ಬೆರೆಸಿ, ಈ ಕಾಯಿಗಳಿಗೆ ಅದು ಒದಗುವುದಿಲ್ಲ.

ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ, ಕುಂಡದ ತಳದ ತೂತಿನಿಂದ ಹನಿ ಬೀಳುವವರೆಗೆ ನೀರು ಕೊಡಿ. ತೀರಾ ಬಿಸಿಲಿದ್ದರೆ ಸಂಜೆ ಇನ್ನೊಮ್ಮೆ. ಮಣ್ಣಿನ ಮೇಲೆ ಎರಡು ಅಂಗುಲ ಒಣ ತರಗೆಲೆ ಮುಚ್ಚಿ. ಕುಂಡ 12 ಅಂಗುಲಕ್ಕಿಂತ ಚಿಕ್ಕದಿದ್ದರೆ ಎಷ್ಟು ನೀರು ಹಾಕಿದರೂ ಮಧ್ಯಾಹ್ನಕ್ಕೆ ಒಣಗುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ, ಅದು ಸುಣ್ಣದಂಶ ಹೀರುವುದಕ್ಕೆ ಅಡ್ಡಿ. ಬುಡ ಕಪ್ಪಾದ ಕಾಯಿಗಳನ್ನು ಕಿತ್ತುಬಿಡಿ, ಅವು ಸರಿಹೋಗುವುದಿಲ್ಲ. ಕಪ್ಪು ಭಾಗ ಕತ್ತರಿಸಿ ಉಳಿದದ್ದನ್ನು ಚಟ್ನಿಗೆ ಬಳಸಬಹುದು. ಇವತ್ತು ನೀರು ಸರಿಮಾಡಿದರೂ ಇನ್ನೂ ಕೆಲವು ಕಾಯಿ ಕಪ್ಪಾಗಿಯೇ ಬರಬಹುದು, ಯಾಕೆಂದರೆ ಕಾಯಿ ಗೋಲಿ ಗಾತ್ರದಲ್ಲಿರುವಾಗಲೇ ಪೆಟ್ಟು ಬಿದ್ದಿರುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಅದು ನಿಂಬೆ ಗಾತ್ರಕ್ಕೆ ಬಂದ ಮೇಲೆ.

ಪ್ರಶ್ನೆ: ಸಾಗರದಿಂದ 2 ಕಿಲೋ ಅಪ್ಪೆಮಿಡಿ ತರಿಸುತ್ತಿದ್ದೇವೆ. ಹೋದ ವರ್ಷ ಹಾಕಿದ ಉಪ್ಪಿನಕಾಯಿಗೆ ತಿಂಗಳೊಳಗೆ ಬಿಳಿ ಪೊರೆ ಕಟ್ಟಿ ಮಿಡಿಗಳು ಮೆತ್ತಗಾದವು. ಈ ಸಲ ಹಾಗಾಗಬಾರದು. (ಪುಣೆ)

ಅಪ್ಪೆಮಿಡಿಯ ಜೀವ ಇರುವುದು ಅದರ ಸೊನೆಯಲ್ಲಿ. ತೊಟ್ಟು ಮುರಿದಾಗ ಮಣಿಯಂತೆ ಉಕ್ಕುವ ಆ ಸೊನೆ ಮೂಸಿದರೆ ಜೀರಿಗೆ ಮಿಡಿಯೋ ಕರ್ಪೂರ ಮಿಡಿಯೋ ಗೊತ್ತಾಗಿಬಿಡುತ್ತದೆ. ಹಾಗಾಗಿ ತರಿಸುವಾಗಲೇ ಹೇಳಿ: ಕೈಯಿಂದ ಕೊಯ್ದದ್ದು, ತೊಟ್ಟು ಸಹಿತ ಇರಬೇಕು, ನೆಲಕ್ಕೆ ಬಿದ್ದದ್ದು ಒಂದೂ ಬೇಡ. ಬಿದ್ದ ಮಿಡಿಗೆ ಒಳಗೆ ಪೆಟ್ಟಾಗಿರುತ್ತದೆ, ಹೊರಗೆ ಕಾಣದಿದ್ದರೂ ಭರಣಿಯಲ್ಲಿ ಮೊದಲು ಮೆತ್ತಗಾಗುವುದು ಅದೇ. ಪುಣೆ ತಲುಪುವ ಹೊತ್ತಿಗೆ ತಡವಾಗುತ್ತದೆ ಎನ್ನುವುದಾದರೆ ಊರಿನಲ್ಲೇ ಉಪ್ಪು ಹಾಕಿಸಿ ತರಿಸುವುದು ಒಳ್ಳೆಯದು.

ಉಪ್ಪಿನ ಲೆಕ್ಕ ತೂಕದಲ್ಲಿರಲಿ. 1 ಕಿಲೋ ಮಿಡಿಗೆ 250 ಗ್ರಾಂ ಕಲ್ಲುಪ್ಪು, ನಿಮ್ಮ 2 ಕಿಲೋಗೆ ಅರ್ಧ ಕಿಲೋ. ಲೋಟದಲ್ಲಿ ಅಳೆದರೆ ಮೋಸ ಹೋಗುತ್ತೀರಿ: ಹರಳು ಉಪ್ಪಿನ ನಡುವೆ ಸಂದು ಇರುವುದರಿಂದ ಒಂದು ಲೋಟ ಕಲ್ಲುಪ್ಪು ಒಂದು ಲೋಟ ಪುಡಿ ಉಪ್ಪಿಗಿಂತ ಹಗುರ. ಪುಡಿ ಉಪ್ಪಿನ ಅಳತೆಯಲ್ಲಿ ಕಲ್ಲುಪ್ಪು ಹಾಕಿದವರ ಭರಣಿಗೇ ಬಿಳಿ ಪೊರೆ ಬರುವುದು ಹೆಚ್ಚು.

ಮಿಡಿಗಳನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಪಸೆ ಆರಿಸಿ. ತೊಟ್ಟನ್ನು ಅರ್ಧ ಅಂಗುಲ ಉಳಿಸಿ ಕತ್ತರಿಸಿ, ಬುಡದಿಂದ ಕೀಳಬೇಡಿ. ಹಿಂದಿನ ದಿನವೇ ತೊಳೆದು ಬಿಸಿಲಿಗೆ ಒಣಗಿಸಿದ ಭರಣಿಯಲ್ಲಿ ಒಂದು ಪದರ ಉಪ್ಪು, ಒಂದು ಪದರ ಮಿಡಿ ಹಾಕುತ್ತಾ ಬನ್ನಿ, ಮೇಲಿನದು ಉಪ್ಪಿನ ಪದರವೇ ಆಗಿರಲಿ. ದಿನಕ್ಕೆ ಎರಡು ಸಲ ಒಣ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡಿ. ಮೂರು ನಾಲ್ಕು ದಿನಕ್ಕೆ ನೀರೊಡೆದು ಮಿಡಿಗಳು ಮುಳುಗಬೇಕು. ಮುಳುಗದಿದ್ದರೆ 1 ಲೀಟರ್ ನೀರಿಗೆ 250 ಗ್ರಾಂ ಉಪ್ಪು ಹಾಕಿ ಕುದಿಸಿ, ಪೂರ್ತಿ ಆರಿಸಿ, ಬೇಕಾದಷ್ಟು ಸೇರಿಸಿ. ತೇಲುವ ಮಿಡಿಗಳ ಮೇಲೆ ಚೀನಿ ತಟ್ಟೆ ಕವುಚಿಡಿ. ಗಾಳಿಗೆ ಮೈ ತೋರಿದ ಮಿಡಿಯಿಂದಲೇ ಪೊರೆ ಶುರುವಾಗುತ್ತದೆ.

ಹನ್ನೆರಡರಿಂದ ಹದಿನೈದು ದಿನಕ್ಕೆ ಮಿಡಿ ಸುಕ್ಕುಗಟ್ಟುತ್ತದೆ. ಆಗ ಉಪ್ಪುನೀರನ್ನು ಬಸಿದು ಐದು ನಿಮಿಷ ಕುದಿಸಿ, ನೊರೆ ತೆಗೆದು, ಸೋಸಿ ಆರಿಸಿ. 2 ಕಿಲೋ ಮಿಡಿಗೆ 250 ಗ್ರಾಂ ಬ್ಯಾಡಗಿ ಮೆಣಸಿನಕಾಯಿ, 120 ಗ್ರಾಂ ಸಾಸಿವೆ, 20 ಗ್ರಾಂ ಅರಿಸಿನ. ಎಲ್ಲವನ್ನೂ ಗರಿಗರಿ ಒಣಗಿಸಿ, ಆ ಉಪ್ಪುನೀರಿನಲ್ಲೇ ರುಬ್ಬಿ ಬೆರೆಸಿ. ಹಸಿ ನೀರು ಒಂದು ಹನಿಯೂ ಬೇಡ.

ಬಿಳಿ ಪೊರೆ ಮತ್ತೆ ಕಂಡರೆ, ಮಿಡಿ ಗಟ್ಟಿಯಾಗಿದ್ದು ವಾಸನೆ ಚೆನ್ನಾಗಿದ್ದರೆ, ಪೊರೆ ತೆಗೆದು ಮೇಲೆ ಉಪ್ಪು ಉದುರಿಸಿ ಬಳಸಬಹುದು. ಹಸಿರು, ಕಪ್ಪು ಬೂಷ್ಟು ಬಂದಿದ್ದರೆ ಪೂರ್ತಿ ಚೆಲ್ಲಿ. ಮೇಲಿನದು ತೆಗೆದು ಕೆಳಗಿನದು ಉಳಿಸಿಕೊಳ್ಳುವ ಆಸೆ ಬೇಡ.

ಪ್ರಶ್ನೆ: ಕುಂಡದ ಮಲ್ಲಿಗೆಯಲ್ಲಿ ಮೊಗ್ಗು ಬರುತ್ತದೆ, ಅರಳುವ ಮೊದಲೇ ಉದುರುತ್ತದೆ. ಚಳಿಗಾಲದಲ್ಲಿ ಕತ್ತರಿಸಲು ಮರೆತೆವು, ಈಗ ಕತ್ತರಿಸಬಹುದೇ? (ಮೈಸೂರು)

ಈಗ ಬೋಳು ಕತ್ತರಿಸಿದರೆ ಈ ಹಂಗಾಮಿನ ಹೂವಿನ ಬಹುಪಾಲು ಹೋಗುತ್ತದೆ. ನವೆಂಬರ್ ಕೊನೆಯಿಂದ ಡಿಸೆಂಬರಿನಲ್ಲಿ ಮಾಡುವ ಕೆಲಸ ಅದು. ಈಗ ಹೂ ಮುಗಿದ ಟೊಂಗೆಗಳ ತುದಿಯನ್ನು ಮಾತ್ರ ಎರಡು ಮೂರು ಜೋಡಿ ಎಲೆಯಷ್ಟು ಚಿವುಟಿ. ಮಲ್ಲಿಗೆ ಬಿಡುವುದು ಹೊಸ ಚಿಗುರಿನಲ್ಲಿ, ಆ ಗೆಣ್ಣುಗಳಿಂದ ಮತ್ತೆ ಚಿಗುರೊಡೆದು ಇನ್ನೊಂದು ಸುತ್ತು ಹೂ ಸಿಗುತ್ತದೆ.

ಉದುರಿದ ಮೊಗ್ಗೊಂದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಸೂಜಿ ಚುಚ್ಚಿದಂಥ ತೂತು, ನೇರಳೆ ಬಣ್ಣ, ಪಕ್ಕದ ಮೊಗ್ಗುಗಳ ಜೊತೆ ನೂಲು ಸುತ್ತಿದಂತಿದ್ದರೆ ಅದು ಮೊಗ್ಗು ಕೊರೆಯುವ ಹುಳು. ಅಂಥ ಮೊಗ್ಗುಗಳನ್ನೆಲ್ಲ ಬಿಡಿಸಿ ಸೋಪಿನ ನೀರಿಗೆ ಹಾಕಿ, ಗಿಡದ ಬುಡದಲ್ಲಿ ಬಿದ್ದಿರುವುದನ್ನೂ ಗುಡಿಸಿ ತೆಗೆಯಿರಿ. 1 ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಮೂರು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಸಂಜೆ ಹೊತ್ತು, ವಾರಕ್ಕೊಮ್ಮೆಯಂತೆ ಮೂರು ವಾರ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ತೂತಿಲ್ಲದೆ, ಹಳದಿಯಾಗಿ ಉದುರಿದ್ದರೆ ಕಾರಣ ನೀರು ಇಲ್ಲವೇ ಬಿಸಿಲು. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ಒಣಗಿದ್ದರೆ ನೀರು ಕೊಡಿ, ಪಸೆ ಇದ್ದರೆ ಬಿಡಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಎಲೆ ಕಡುಹಸಿರಾಗಿ ಸೊಂಪಾಗಿದ್ದು ಮೊಗ್ಗೇ ಕಡಿಮೆ ಇದ್ದರೆ ಗೊಬ್ಬರ ಹೆಚ್ಚಾಗಿದೆ ಎಂದೇ ಅರ್ಥ.

ಪ್ರಶ್ನೆ: ಸಬ್ಬಕ್ಕಿ ಸಂಡಿಗೆ ಕರಿದಾಗ ಅರಳುವುದಿಲ್ಲ, ನಡುವೆ ಕಲ್ಲಿನಂತಿರುತ್ತದೆ. ಉಪ್ಪೂ ಜಾಸ್ತಿಯಾಗುತ್ತದೆ. (ದಾವಣಗೆರೆ)

ಸಬ್ಬಕ್ಕಿ ಪೂರ್ತಿ ಬೆಂದಿಲ್ಲ. 1 ಲೋಟ ಸಬ್ಬಕ್ಕಿಯನ್ನು ಐದಾರು ಗಂಟೆ ನೆನೆಸಿ, 4 ಲೋಟ ನೀರಲ್ಲಿ ಕುದಿಸಿ. ಪ್ರತಿ ಕಾಳಿನ ನಡುವಿನ ಬಿಳಿ ಚುಕ್ಕೆ ಮಾಯವಾಗಿ ಗಾಜಿನಂತಾಗುವವರೆಗೆ ಬೇಯಬೇಕು, ಚುಕ್ಕೆ ಉಳಿದ ಕಡೆಯೇ ಕರಿದಾಗ ಕಲ್ಲಾಗುತ್ತದೆ. ಹಿಟ್ಟು ಬಾಯಿಗೆ ಸಪ್ಪೆ ಎನ್ನಿಸುವಷ್ಟೇ ಉಪ್ಪು ಹಾಕಿ. ನೀರೆಲ್ಲ ಆವಿಯಾಗಿ ಉಪ್ಪು ಅಷ್ಟೂ ಉಳಿಯುತ್ತದಲ್ಲ. ಮೊದಲ ದಿನ ಸಂಜೆ ಎಬ್ಬಿಸಿ ಮಗುಚಿ, ಇನ್ನೆರಡು ದಿನ ಒಣಗಿಸಿ. ಮುರಿದರೆ ಟಕ್ಕೆಂದು ಸದ್ದಾಗಬೇಕು. ಬಾಗಿದರೆ ಇನ್ನೂ ಒಣಗಿಲ್ಲ, ಡಬ್ಬಿಗೆ ತುಂಬಬೇಡಿ. ಅಶ್ವಿನಿ ಮಳೆ ಶುರುವಾದರೆ ಮಧ್ಯಾಹ್ನದ ಮೇಲೆ ಯಾವಾಗ ಬೇಕಾದರೂ ಮೋಡ ಕಟ್ಟಬಹುದು, ಅಷ್ಟರೊಳಗೆ ಸಂಡಿಗೆ ಕೆಲಸ ಮುಗಿಸಿಕೊಳ್ಳಿ.

ಪ್ರಶ್ನೆ: ಮನೆಯ ಸೌತೆಕಾಯಿ ಕಹಿ ಬರುತ್ತಿದೆ. ತುದಿ ಕೊಯ್ದು ತಿಕ್ಕಿದರೂ ಹೋಗುವುದಿಲ್ಲ. (ಶಿವಮೊಗ್ಗ)

ಬಿಸಿಲಿನ ಝಳ, ನೀರಿನ ಕೊರತೆ ಎರಡೂ ಸೇರಿದರೆ ಬಳ್ಳಿ ಕಹಿ ಅಂಶವನ್ನು ಕಾಯಿಗೆ ತುಂಬುತ್ತದೆ. ಅದು ಹೆಚ್ಚಿರುವುದು ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ. ತೊಟ್ಟಿನ ಕಡೆ ಒಂದು ಅಂಗುಲ ಕತ್ತರಿಸಿ, ಸಿಪ್ಪೆ ದಪ್ಪಗೆ ಹೆರೆದರೆ ಅಲ್ಪಸ್ವಲ್ಪ ಕಹಿ ಹೋಗುತ್ತದೆ. ಆಮೇಲೂ ಕಹಿಯಿದ್ದರೆ ಎಸೆಯಿರಿ, ಬೇಯಿಸಿದರೂ ಅದು ಹೋಗುವುದಿಲ್ಲ. ಕೋಸಂಬರಿಗೆ ಹೆಚ್ಚುವ ಮೊದಲು ಪ್ರತಿ ಕಾಯಿಯ ಚೂರು ರುಚಿ ನೋಡಿ. ಸೋರೆಕಾಯಿಗೂ ಇದೇ ಮಾತು, ಅಲ್ಲಿ ಇನ್ನೂ ಎಚ್ಚರ ಬೇಕು: ಕಹಿ ಸೋರೆಕಾಯಿಯ ರಸ ಕುಡಿದು ನಮ್ಮ ದೇಶದಲ್ಲಿ ಪ್ರಾಣ ಹೋದ ಪ್ರಕರಣಗಳಿವೆ.

ಪ್ರಶ್ನೆ: ಬೇವಿನ ಹೂವನ್ನು ವರ್ಷವಿಡೀ ಇಡುವುದು ಹೇಗೆ? (ಹಾಸನ)

ಬೆಳಿಗ್ಗೆ ಮರದ ಕೆಳಗೆ ಒಗೆದ ಪಂಚೆ ಹಾಸಿ ಟೊಂಗೆ ಅಲುಗಿಸಿ. ನೆಲದಲ್ಲಿ ಮೊದಲೇ ಬಿದ್ದ ಹೂ ಬೇಡ. ಕಡ್ಡಿ ಆರಿಸಿ, ನೆರಳಲ್ಲಿ ಮೂರು ನಾಲ್ಕು ದಿನ ಒಣಗಿಸಿ ಗಾಜಿನ ಶೀಸೆಗೆ ತುಂಬಿ. ಸಾರಿಗೆ ಒಂದು ಚಮಚ ಹೂವನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಕಂದು ಬಣ್ಣಕ್ಕೆ ಹುರಿದು ಕೊನೆಯಲ್ಲಿ ಹಾಕಿ. ಕಪ್ಪಾದರೆ ಕಹಿ ಜಾಸ್ತಿ, ಪರಿಮಳ ಇಲ್ಲ.

ಪ್ರಶ್ನೆ: ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಈಗ ಮನೆಯ ಹಿತ್ತಲಲ್ಲಿ ಏನು ಬಿತ್ತಬಹುದು? ಕೊತ್ತಂಬರಿ, ಪಾಲಕ್ ಎರಡೂ ಬೇಗ ಹೂ ಬಿಟ್ಟವು. (ಕಲಬುರಗಿ)

ಕೊತ್ತಂಬರಿ, ಪಾಲಕ್ ತಂಪು ಬಯಸುವ ಬೆಳೆಗಳು. ಸೆಕೆಗೆ ಅವು ಎಲೆ ಬಿಟ್ಟು ಹೂವಿಗೆ ಓಡುತ್ತವೆ, ನಿಮ್ಮ ತಪ್ಪೇನಿಲ್ಲ. ಬದಲಿಗೆ ರಾಜಗಿರಿ, ಚವಳಿಕಾಯಿ, ಬೆಂಡೆ ಹಾಕಿ. ರಾಜಗಿರಿ ಬೀಜ ತೀರಾ ಸಣ್ಣದು. ಒಂದು ಪಾಲು ಬೀಜಕ್ಕೆ ಹತ್ತು ಪಾಲು ಮರಳು ಬೆರೆಸಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ, ಮೊಳೆಯುವ ತನಕ ಒದ್ದೆ ಗೋಣಿಚೀಲ ಹೊದಿಸಿ. ಮೊಳಕೆ ಕಂಡ ದಿನವೇ ಚೀಲ ತೆಗೆಯಬೇಕು. ಇಪ್ಪತ್ತೈದು ದಿನದಿಂದ ಸೊಪ್ಪು ಕೀಳಬಹುದು.

ಬೆಂಡೆ ಬೀಜವನ್ನು ರಾತ್ರಿಯಿಡೀ ನೆನೆಸಿ, ಒಂದಡಿ ಅಂತರದಲ್ಲಿ, ಅರ್ಧ ಅಂಗುಲ ಆಳಕ್ಕೆ ಊರಿ. ಎಲೆಯ ನರಗಳು ಹಳದಿಯಾಗಿ ಬಲೆಯಂತೆ ಕಂಡರೆ ಅದು ಬಿಳಿನೊಣದಿಂದ ಹರಡುವ ನಂಜುರೋಗ, ಔಷಧವಿಲ್ಲ. ಆ ಗಿಡವನ್ನು ಆ ದಿನವೇ ಕಿತ್ತು ದೂರ ಹಾಕಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಯನ್ನು ಈ ರೋಗ ತಾಳಿಕೊಳ್ಳಲೆಂದೇ ಬೆಳೆಸಿದ್ದು, ಬೀಜ ಸಿಕ್ಕರೆ ಅದನ್ನೇ ಹಾಕಿ. ಹೂ ಅರಳಿದ ಐದಾರು ದಿನಕ್ಕೆ ಕಾಯಿ ಕೀಳಬೇಕು. ತುದಿ ಟಪ್ಪೆಂದು ಮುರಿದರೆ ಎಳೆಯದು, ಬಾಗಿದರೆ ನಾರಾಗಿದೆ. ನಾರಾದ ಕಾಯಿಯನ್ನು ಗಿಡದಲ್ಲಿ ಬಿಡಬೇಡಿ, ಬೀಜ ಕಟ್ಟಲು ಶುರುಮಾಡಿದ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ.