4294967297 ಅವಿಭಾಜ್ಯವೇ ಎಂಬ ಪ್ರಶ್ನೆಗೆ

ತೀರ್ಥಹಳ್ಳಿಯ ಮಾನ್ಯರೇ, ನಮಸ್ಕಾರ. 4294967297ನ್ನು 3ರಿಂದ 31ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿದರೂ ಶೇಷ ಉಳಿಯುತ್ತಿದೆ, ಹಾಗಾದರೆ ಇದೂ ಅವಿಭಾಜ್ಯ ಸಂಖ್ಯೆಯೇ ಎಂದು ಕೇಳಿದ್ದೀರಿ. ಅಲ್ಲ. ಇದು 641 ಮತ್ತು 6700417 ಎಂಬ ಎರಡು ಅವಿಭಾಜ್ಯಗಳ ಗುಣಲಬ್ಧ.

ಈ ಸಂಖ್ಯೆ 2³² + 1. 2ರ ಘಾತ 1, 2, 4, 8, 16 ಎಂದು ಇಮ್ಮಡಿಸುತ್ತ ಹೋಗುವ ಇದೇ ಮಾದರಿಯ 3, 5, 17, 257, 65537 ಐದೂ ಅವಿಭಾಜ್ಯಗಳಾಗಿರುವುದರಿಂದ ಮುಂದಿನವೂ ಹಾಗೆಯೇ ಇರುತ್ತವೆಂದು 17ನೆಯ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಆ ನಂಬಿಕೆಯನ್ನು ಮುರಿದರು. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವು 64ರ ಗುಣಕಕ್ಕಿಂತ 1 ಹೆಚ್ಚಿರಲೇಬೇಕು. ಆದ್ದರಿಂದ ನೀವು 31ರವರೆಗೆ ಪಟ್ಟ ಶ್ರಮ ಬೇಕಿರಲಿಲ್ಲ. ಅಂಥ ಅವಿಭಾಜ್ಯಗಳಲ್ಲಿ 193, 257, 449, 577 ದಾಟಿದರೆ ಐದನೆಯದೇ 641.

ಭಾಗವಾಗುವುದರ ಕಾರಣ ನನಗೆ ಇಂದಿಗೂ ಬಹಳ ಚೆಲುವಾಗಿ ಕಾಣುತ್ತದೆ. 641 ಎಂದರೆ 5 × 2⁷ + 1. ಅದೇ 641 ಎಂದರೆ 5⁴ + 2⁴ ಕೂಡ, ಅಂದರೆ 625 + 16. ಮೊದಲನೆಯ ರೂಪದ ಪ್ರಕಾರ 5 × 2⁷ನ್ನು 641ರಿಂದ ಭಾಗಿಸಿದರೆ ಶೇಷ −1 ಎನ್ನಬಹುದು, ಅದರ ನಾಲ್ಕನೆಯ ಘಾತಕ್ಕೆ ಶೇಷ 1, ಆದ್ದರಿಂದ 5⁴ × 2²⁸ − 1 ಎಂಬುದು 641ರಿಂದ ಭಾಗವಾಗುತ್ತದೆ. ಎರಡನೆಯದನ್ನು 2²⁸ರಿಂದ ಗುಣಿಸಿದರೆ ಸಿಗುವ 5⁴ × 2²⁸ + 2³² ಕೂಡ ಭಾಗವಾಗುತ್ತದೆ. ಇವೆರಡರ ವ್ಯತ್ಯಾಸವೇ ನಿಮ್ಮ 2³² + 1.

ನಿನ್ನೆ ಸಂಜೆ ಸಾಗರದ ನಮ್ಮ ಮನೆಯಲ್ಲಿ ಮಳೆಗೆ ಕರೆಂಟು ಹೋಗಿದ್ದಾಗ, ಜಗಲಿಯಲ್ಲಿ ಕುಳಿತು ಕಾಗದದ ಮೇಲೆಯೇ ಭಾಗಿಸಿ ನೋಡಿದೆ. 4294ರಲ್ಲಿ 641 ಆರು ಬಾರಿ ಹೋಗಿ 448 ಉಳಿಯಿತು. 9 ಇಳಿಸಿದಾಗ 4489 ಆಗಿ, ಏಳು ಬಾರಿ ಹೋಗಿ 2 ಉಳಿಯಿತು. ಕೊನೆಯ ಅಂಕಿಯ ಹೊತ್ತಿಗೆ ಮತ್ತೆ ಅದೇ 448 ಎದುರಾಯಿತು. ಈ ಬಾರಿ ಇಳಿದದ್ದು 7, ಆದ್ದರಿಂದ 4487, ಶೇಷ ಸೊನ್ನೆ.