ತಾತನಿಗಾಗಿ ಬಂದ ಕರೆ

2021ರ ಮೇ ಕೊನೆ, ಎರಡನೇ ಅಲೆಯ ಲಾಕ್‌ಡೌನ್. ಆಪ್ತಸಮಾಲೋಚಕಿಯಾದ ನನಗೆ ಶಿಡ್ಲಘಟ್ಟ ಕಡೆಯ ರೇಷ್ಮೆ ಸಾಕುವ ಮನೆಯೊಂದರಿಂದ ಫೋನ್ ಬಂತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

"ಮೇಡಂ, ನಮ್ಮ ಮಾವನವರಿಗೆ ಎಪ್ಪತ್ನಾಲ್ಕು. ಹೊರಗೆ ಬಿಡ್ತಿಲ್ಲ. ಮನಸ್ಸಿಗೆ ಹಚ್ಕೊಂಡಿದ್ದಾರೇನೋ ಅಂತ ಭಯ. ಒಂಚೂರು ಮಾತಾಡ್ತೀರಾ?"

ಮಾತಾಡಿದೆ. ಅರಳೀಕಟ್ಟೆಗೆ ಹೋಗಲಾಗದ ಬೇಸರವಿತ್ತು, ಜೊತೆಗಾರರೊಬ್ಬರು ತೀರಿಕೊಂಡ ಸಂಕಟವಿತ್ತು. ಆದರೂ ಊಟ, ನಿದ್ದೆ ಕೆಟ್ಟಿರಲಿಲ್ಲ. "ಹುಳಕ್ಕೆ ಲಾಕ್‌ಡೌನ್ ಗೊತ್ತೇನಮ್ಮ? ಹೊತ್ತಿಗೆ ಸೊಪ್ಪು ಹಾಕ್ಲೇಬೇಕು" ಅಂದರು. ಆಮೇಲೆ ದನಿ ತಗ್ಗಿಸಿದರು: "ನನ್ನ ಬಿಡು, ಮೊಮ್ಮಗನ್ನ ನೋಡು. ಜ್ವರಕ್ಕೆ ಕೂತ ಹುಳ ಇದ್ದಂಗವ್ನೆ. ತಿನ್ನಲ್ಲ, ಮಿಸುಕಲ್ಲ. ಹುಳ ಆದ್ರೆ ಒಂದಿನಕ್ಕೆ ಪೊರೆ ಬಿಟ್ಟು ಏಳ್ತದೆ. ಇವ್ನು ಮಲಗಿ ತಿಂಗಳಾಯ್ತು." ರೇಷ್ಮೆ ಹುಳ ತಿನ್ನುವುದು ಬಿಟ್ಟು, ಅಲುಗದೆ ಕೂತು ಪೊರೆ ಕಳಚುವುದಕ್ಕೆ ಸಾಕುವವರು ಜ್ವರ ಅನ್ನುತ್ತಾರೆ.

ಹುಡುಗನಿಗೆ ಇಪ್ಪತ್ತು. ಏಪ್ರಿಲ್‌ನಲ್ಲಿ ಕಾಲೇಜು ಮುಚ್ಚಿದಾಗ ಬೆಂಗಳೂರಿನಿಂದ ಬಂದವನು. ಬೆಳಗಿನ ಜಾವ ನಾಲ್ಕಕ್ಕೆ ನಿದ್ದೆ, ಏಳುವುದು ಮಧ್ಯಾಹ್ನ, ತಟ್ಟೆ ರೂಮಿಗೇ. ಅಮ್ಮ ಅದನ್ನು ಮೊಬೈಲ್ ಚಟ ಅಂದುಕೊಂಡಿದ್ದರು. ಎರಡು ದಿನ ಕಾದ ಮೇಲೆ ನನ್ನ ಫೋನ್ ಎತ್ತಿದ. "ನನ್ನಿಂದ ತಾತಂಗೆ ಬಂದ್ಬಿಟ್ರೆ?" ಅಂತ ಅತ್ತ. ಸಾಯುವ ಯೋಚನೆ ಬರುತ್ತಾ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಭಯ. "ಸಾಯ್ಬೇಕು ಅಂತಲ್ಲ ಮೇಡಂ, ಏಳೋಕೆ ಕಾರಣ ಕಾಣಲ್ಲ" ಅಂದ.

ಕೊರೊನಾ ವಯಸ್ಸಾದವರ ಜೀವಕ್ಕೆ ಹೆಚ್ಚು ಅಪಾಯ. ಹಾಗಾಗಿ ಮನಸ್ಸು ಕುಸಿಯುವುದೂ ಅವರದ್ದೇ ಎಂದು ಮನೆಯವರು ಅವರನ್ನೇ ಕಾಯುತ್ತಾರೆ. ಸೋಂಕಿನ ಮೊದಲ ವರ್ಷ ಜಗತ್ತಿನಲ್ಲಿ ಆತಂಕ, ಖಿನ್ನತೆ ಶೇ. 25ರಷ್ಟು ಹೆಚ್ಚಿತು, ಹೆಚ್ಚು ಪೆಟ್ಟು ಬಿದ್ದದ್ದು ಯುವಕರಿಗೆ ಮತ್ತು ಹೆಂಗಸರಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಈ ಮನೆಯಲ್ಲಿ ತಾತನ ದಿನಕ್ಕೆ ಇನ್ನೂ ಹೊತ್ತುಗೊತ್ತಿತ್ತು. ಹುಡುಗನಿಗೆ ಗೆಳೆಯರು, ಪರೀಕ್ಷೆ, ಮುಂದಿನ ಕೆಲಸದ ಆಸೆ ಎಲ್ಲವೂ ಒಟ್ಟಿಗೇ ನಿಂತಿದ್ದವು. ಒಂಟಿಯಾಗಿರುವ ಹಿರಿಯರ ಕಥೆ ಬೇರೆ, ಅವರನ್ನು ಮರೆಯುವಂತಿಲ್ಲ.

ಅಮ್ಮನಿಗೆ ಹೇಳಿದ್ದು: ತೋಟಕ್ಕೆ ಹೊಡೆಯುವ ಔಷಧಿಗೆಲ್ಲ ಇವತ್ತೇ ಬೀಗ ಹಾಕಿ, ಕೀ ನಿಮ್ಮ ಹತ್ತಿರವೇ ಇರಲಿ. ರೇಷ್ಮೆ ಊರುಗಳಲ್ಲಿ ನಾನು ಇದನ್ನು ಬಿಡದೆ ಹೇಳುತ್ತೇನೆ. ಮೊಬೈಲ್ ಕಿತ್ತುಕೊಳ್ಳಬೇಡಿ, ಗೆಳೆಯರು ಇರುವುದು ಅದರಲ್ಲೇ.

ಹುಡುಗನಿಗೆ: ನೀನು ಬಂದು 14 ದಿನ ಎಂದೋ ದಾಟಿತು, ಜ್ವರವಿಲ್ಲ, ಕೆಮ್ಮಿಲ್ಲ. ತಾತ ಮೊದಲ ಡೋಸ್ ಹಾಕಿಸಿಕೊಂಡಿದ್ದಾರೆ. ಮಾಸ್ಕ್ ಹಾಕಿಕೊಂಡು ಹುಳದ ಮನೆಗೆ ಹೋಗು. ನಿದ್ದೆ ಯಾವಾಗಲಾದರೂ ಬರಲಿ, ಬೆಳಗ್ಗೆ ಆರರ ಸೊಪ್ಪು ನಿನ್ನದು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂತ ಕಾಯಬೇಡ. ಸಂಜೆ ಒಬ್ಬ ಗೆಳೆಯನಿಗಾದರೂ ಫೋನ್ ಮಾಡು.

ಎರಡು ವಾರವಾದರೂ ನಿದ್ದೆ ಸರಿಹೋಗಲಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ, ಮಾತ್ರೆ ಶುರುವಾಯಿತು. ಆಗ ಇನ್ನೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇರಲಿಲ್ಲ. ಈಗ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಜೂನ್ ಕೊನೆಗೆ ಬೆಳಗ್ಗೆಯೇ ಫೋನ್ ಮಾಡಿದೆ. "ಆಮೇಲೆ ಮಾಡ್ತೀನಿ ಮೇಡಂ" ಅಂದ, "ಹುಳ ನಾಲ್ಕನೇ ಜ್ವರ ಎದ್ದವೆ, ತಾತ ಸೊಪ್ಪು ಕೇಳ್ತಾವ್ರೆ."